ಒಂಬತ್ತು ಟ್ರ್ಯಾಕ್‌ಗಳ ಟೇಪ್ ಡ್ರೈವ್ ಮತ್ತೆ ಓದತೊಡಗಿತು: ಒಂದು ದುರಸ್ತಿ ಸೇವೆಯ ವಿಮರ್ಶೆ

ಬಹಳ ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದ, ಕಂಪ್ಯೂಟರ್ ದತ್ತಾಂಶವಿರುವ ಅರ್ಧ ಇಂಚು ಅಗಲದ ಕಾಂತೀಯ ಟೇಪನ್ನು ಓದುವ ನನ್ನ ಡ್ರೈವನ್ನು ಹಳೆಯ ಕಂಪ್ಯೂಟರ್ ಯಂತ್ರಗಳನ್ನು ಸರಿಪಡಿಸುವ ಕಾರ್ಯಾಗಾರವೊಂದಕ್ಕೆ ಒಪ್ಪಿಸಿದ್ದೆ. ದೀಪ ಹತ್ತಿ ರೀಲು ತಿರುಗಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನದೆ, ಟೇಪಿನಲ್ಲಿರುವುದನ್ನು ತಪ್ಪಿಲ್ಲದೆ ಓದುವವರೆಗೂ ಇವರು ಅದನ್ನು ಕೈಬಿಡಲಿಲ್ಲ.

ಡ್ರೈವ್ ತಲುಪಿದ ಕೂಡಲೇ ಕರೆಂಟು ಕೊಡದೆ, ಮೊದಲು ಪವರ್ ಸಪ್ಲೈಯನ್ನು ಬೇರ್ಪಡಿಸಿ, ಒಣಗಿದ್ದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ, ವೋಲ್ಟೇಜು ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಬೋರ್ಡುಗಳಿಗೆ ಜೋಡಿಸಿದರು. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ನಿನ ರಬ್ಬರು ಡಾಂಬರಿನಂತೆ ಕರಗಿ, ಬೆರಳಿಟ್ಟರೆ ಕಪ್ಪು ಎಳೆ ಎದ್ದುಬರುತ್ತಿತ್ತು. ಅದನ್ನು ಪೂರ್ತಿ ಕೆರೆದು ತೆಗೆದು, ಹೊಸ ರಬ್ಬರು ಕೂರಿಸಿ, ಮೊದಲಿನ ವ್ಯಾಸಕ್ಕೆ ತಂದಿದ್ದಾರೆ. ವ್ಯಾಸ ಏರುಪೇರಾದರೆ ಟೇಪಿನ ವೇಗವೇ ಬದಲಾಗುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಟೇಪನ್ನು ಓದುವ ಭಾಗವಾದ ಹೆಡ್ಡಿನ ಹೊಂದಾಣಿಕೆ. ಟೇಪಿನ ಉದ್ದಕ್ಕೂ ಸಾಗುವ ಎಂಟು ಟ್ರ್ಯಾಕ್‌ಗಳಲ್ಲಿ ದತ್ತಾಂಶವೂ ಒಂಬತ್ತನೆಯದರಲ್ಲಿ ತಪ್ಪು ಪತ್ತೆಹಚ್ಚಲು ನೆರವಾಗುವ ಪ್ಯಾರಿಟಿಯೂ ಇರುತ್ತವೆ; ಒಂಬತ್ತರ ಒಂದೊಂದು ಬಿಟ್ ಟೇಪಿಗೆ ಅಡ್ಡಲಾಗಿ ಸೇರಿ ಒಂದು ಸಾಲಾಗುತ್ತದೆ. ಇಂಚಿಗೆ 1600 ಬಿಟ್‌ಗಳ ಫೇಸ್ ಎನ್‌ಕೋಡಿಂಗ್ ಎಂಬ ಬರವಣಿಗೆಯ ವಿಧಾನದಲ್ಲಿ ಪ್ರತಿ ಟ್ರ್ಯಾಕೂ ತನ್ನ ಕ್ಲಾಕನ್ನು, ಅಂದರೆ ಬಿಟ್‌ಗಳ ಸಮಯದ ಗುರುತನ್ನು, ತಾನೇ ಹೊತ್ತಿರುವುದರಿಂದ ಹೆಡ್ ತುಸು ವಾಲಿದ್ದರೂ ನಡೆದೀತು. ಆದರೆ 800ರ ಹಳೆಯ ವಿಧಾನದಲ್ಲಿ ಆ ಅನುಕೂಲವಿಲ್ಲ. ಸಾಲಿನಿಂದ ಸಾಲಿಗೆ ಸುಮಾರು 0.03 ಮಿ.ಮೀ. ಅಂತರವಷ್ಟೇ ಇರುವುದರಿಂದ, ಕೂದಲೆಳೆಯಷ್ಟು ಓರೆಯಾದರೂ ಒಂದು ಸಾಲಿನ ಬಿಟ್ ಪಕ್ಕದ ಸಾಲಿಗೆ ಸೇರಿಬಿಡುತ್ತದೆ. 1600ರಲ್ಲಿ ಓದಿತೆಂದು ಸುಮ್ಮನಾಗದೆ, ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಒಂಬತ್ತೂ ಟ್ರ್ಯಾಕ್‌ಗಳನ್ನು ಹೋಲಿಸಿ 800ಕ್ಕೂ ಹೊಂದಿಸಿದ್ದಾರೆ. ನನ್ನ ಅತಿ ಹಳೆಯ ರೀಲುಗಳೆಲ್ಲ 800ರವೇ.

ಒಂದು ಕೊರತೆಯನ್ನು ಹೇಳಲೇಬೇಕು. ಟೇಪಿನ ಆರಂಭವನ್ನು ಗುರುತಿಸುವ ಸೆನ್ಸರನ್ನು ಇವರು ಹೊಸ ಟೇಪಿನಲ್ಲಿ ಮಾತ್ರ ಪರೀಕ್ಷಿಸಿದ್ದರು. ಆರಂಭದ ಗುರುತಾಗಿ ನನ್ನ ಟೇಪಿಗೆ ಅಂಟಿಸಿದ್ದ, ಬೆಳಕನ್ನು ಪ್ರತಿಫಲಿಸುವ ಬೆಳ್ಳಿ ಬಣ್ಣದ ತುಣುಕು ಮಂಕಾಗಿತ್ತು. ರಿವೈಂಡ್ ಮಾಡುವಾಗ ಡ್ರೈವ್ ಅದನ್ನು ಕಾಣದೆ ಸಾಗಿ, ಟೇಪಿನ ತುದಿ ರೀಲಿನಿಂದ ಕಳಚಿ ಪಟಪಟನೆ ಬಡಿಯಿತು. ವಿಷಯ ತಿಳಿಸಿದ ದಿನವೇ ಯಾವ ಸ್ಕ್ರೂವನ್ನು ಎಷ್ಟು ತಿರುಗಿಸಬೇಕೆಂದು ಚಿತ್ರಸಹಿತ ಬರೆದು ಕಳಿಸಿದರು. ದೋಷ ಮತ್ತೆ ಕಾಣಿಸಿಲ್ಲ.

ಇವರಿಗೆ ಡ್ರೈವ್ ಒಪ್ಪಿಸುವವರು, ಹೋದರೂ ಚಿಂತೆಯಿಲ್ಲದಂಥ ತಮ್ಮದೇ ಒಂದು ಹಳೆಯ ಟೇಪನ್ನು, ರೈಟ್ ರಿಂಗ್ (ರೀಲಿಗೆ ಹಾಕುವ ಈ ಬಳೆ ಇದ್ದರಷ್ಟೇ ಡ್ರೈವ್ ಟೇಪಿನ ಮೇಲೆ ಬರೆಯಬಲ್ಲದು) ತೆಗೆದು, ಅದರಲ್ಲೂ ಪರೀಕ್ಷಿಸಲೆಂದು ಜೊತೆಗೇ ಕೊಡುವುದು ಒಳ್ಳೆಯದು.