ಮೆಡಲ್ ರಿಬ್ಬನ್ ಹೊಲಿಯೋಕೆ ಮುಂಚೆ ಡಿಸ್ಚಾರ್ಜ್ ಬುಕ್ ಕೇಳುವ ಟೇಲರ್

ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ ಯೂನಿಫಾರ್ಮ್ ಹೊಲಿಯುವ ಪುಟ್ಟ ಅಂಗಡಿ ಇದೆ. ಬೋರ್ಡಿನ ಅಕ್ಷರ ಮಳೆಗೆ ಅರ್ಧ ಅಳಿಸಿದೆ. 'ನೇವಿ ಟೇಲರ್' ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ. ಅರ್ಗಾದ ಕದಂಬ ನೌಕಾನೆಲೆಯ ಹುಡುಗರ ಬಿಳಿ ಡ್ರೆಸ್ಸುಗಳು ಬಾಗಿಲಲ್ಲೇ ಸಾಲಾಗಿ ನೇತಾಡುತ್ತಿರುತ್ತವೆ.

ನಾನು ಆರ್ಮಿಯವನು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 24 ವರ್ಷ ಇದ್ದು 2022ರ ಫೆಬ್ರವರಿಯಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದೆ. ಜನವರಿ 26ಕ್ಕೆ ಹಾಕಿಕೊಳ್ಳಲು ಒಂದು ಬ್ಲೇಜರ್ ಹೊಲಿಸಬೇಕಿತ್ತು. ಹಳೇ ಮೆಡಲ್ ಸೆಟ್ಟಿನ ಪಿನ್ನು ಸಮುದ್ರದ ಗಾಳಿಗೆ ಕಿಲುಬು ಹಿಡಿದಿತ್ತು, ಅದನ್ನೂ ಬದಲಾಯಿಸಬೇಕಿತ್ತು. ಅಷ್ಟೇ ಕೆಲಸ.

ಟೇಲರ್ ಮಾಮ ಟೇಪ್ ಮುಟ್ಟಲೇ ಇಲ್ಲ. ಕನ್ನಡಕ ಹಾಕಿಕೊಂಡು ಸೆಟ್ ನೋಡಿದರು. ಸಿಯಾಚಿನ್, ಸೈನ್ಯ ಸೇವಾ, ಆಮೇಲೆ ಇನ್ನೊಂದು, ಆಮೇಲೆ 20 ವರ್ಷ ಸರ್ವಿಸ್ ಮಾಡಿದ್ದಕ್ಕೆ ಕೊಡೋದು, 9 ವರ್ಷಕ್ಕೆ ಕೊಡೋದು. ಆ 'ಇನ್ನೊಂದರ' ಮೇಲೆ ಉಗುರು ಇಟ್ಟು ಕೇಳಿದರು, "ಭರ್ತಿ ಆಗಿದ್ದು ಯಾವಾಗ?"

"98ರ ಫೆಬ್ರವರಿ."

"ಇದು ಸ್ವಾತಂತ್ರ್ಯದ 50ನೇ ವರ್ಷದ್ದು. 1997ರ ಆಗಸ್ಟ್ 15ಕ್ಕೆ ಸರ್ವಿಸಿನಲ್ಲಿ ಇದ್ದವರಿಗೆ ಮಾತ್ರ. ನಿಮಗೆ ಹೇಗೆ ಬಂತು ಹವಾಲ್ದಾರ್ರೇ?"

ಆ ಸೆಟ್ ಮಾಡಿಸಿದ್ದು ಬೇರೆ ಊರಲ್ಲಿ, ಮನೆಗೆ ಬರುವ ಗಡಿಬಿಡಿಯಲ್ಲಿ. ಅಲ್ಲಿಯ ಅಂಗಡಿಯವನು ಯಾರದೋ ಸೆಟ್ ನೋಡಿಕೊಂಡು ಕಾಪಿ ಹೊಡೆದಿದ್ದ. ನಾನು ಗಮನಿಸಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಗಮನಿಸಿದ್ದೆ. ನಾಲ್ಕರ ಜಾಗದಲ್ಲಿ ಐದಿದ್ದರೆ ಎದೆ ತುಂಬಿದ ಹಾಗೆ ಕಾಣುತ್ತೆ ಅಂತ ಸುಮ್ನಿದ್ದೆ. ಇನ್ನೊಂದು ತಮಾಷೆ ನೋಡಿ, 75ನೇ ವರ್ಷದ ಮೆಡಲ್ಲೂ ನನಗಿಲ್ಲ. ಅದು 2022ರ ಆಗಸ್ಟ್ 15ಕ್ಕೆ ಸರ್ವಿಸಿನಲ್ಲಿ ಇದ್ದವರಿಗೆ. ಸೇರುವಾಗ ಆರು ತಿಂಗಳು ತಡ, ಬಿಡುವಾಗ ಆರು ತಿಂಗಳು ಬೇಗ!

"ಊರು ಯಾವುದು?" ಅಂದರು. ಚೆಂಡಿಯಾ ಅಂದೆ. "ರಾಣೆಯವರ ಊರು" ಅಂತ ಹೇಳಿ ಸುಮ್ಮನಾದರು. ಮೇಜರ್ ರಾಮ ರಾಘೋಬಾ ರಾಣೆ, 1948ರಲ್ಲಿ ನೌಶೇರಾ-ರಜೌರಿ ದಾರಿಯಲ್ಲಿ ಮೈನ್ (ನೆಲಬಾಂಬು) ತೆಗೆದು ಟ್ಯಾಂಕುಗಳನ್ನು ಮುಂದೆ ದಾಟಿಸಿದವರು, ಪರಮವೀರ ಚಕ್ರ. ಕಾರವಾರದ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪಲ್ ಯುದ್ಧಹಡಗಿನ ಹತ್ತಿರ ಅವರ ಪ್ರತಿಮೆ ಇದೆ. ನನಗೆ ಬೈದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಡಿಸ್ಚಾರ್ಜ್ ಬುಕ್ (ಸೈನ್ಯ ಬಿಡುವಾಗ ನಮ್ಮ ಸರ್ವಿಸ್, ಮೆಡಲ್ ವಿವರ ಬರೆದು ಕೊಡುವ ಪುಸ್ತಕ) ತನ್ನಿ, ಅದರಲ್ಲಿ ಬರೆದಿರೋದನ್ನು ಮಾತ್ರ ಹೊಲಿಯುತ್ತೇನೆ ಅಂದರು. ಮರುದಿನ ತಂದೆ. ಟ್ರಂಕಿನಲ್ಲಿಟ್ಟ ಬುಕ್ಕು, ನಮ್ಮ ಕಡೆಯ ಮಳೆಗಾಲ, ಹಾಳೆಗಳ ನಡುವೆ ಬೂಷ್ಟು. ಅವರೇ ಒಣ ಬಟ್ಟೆಯಲ್ಲಿ ಒಂದೊಂದೇ ಹಾಳೆ ಒರೆಸಿ ಕೊಟ್ಟರು. ಇನ್ನು ಮೇಲೆ ಟ್ರಂಕಿನಲ್ಲಿ ಬೇಡ, ಗಾಳಿಯಾಡುವ ಕಪಾಟಿನಲ್ಲಿಡಿ ಅಂತಲೂ ಹೇಳಿದರು.

ಈ ದಾಖಲೆ ವಿಷಯದಲ್ಲಿ ನಾನು ಮೊದಲೇ ಒಮ್ಮೆ ಪೆಟ್ಟು ತಿಂದವನು. ಮಗಳು ಹುಟ್ಟಿದಾಗ ಪಾರ್ಟ್ ಟು ಆರ್ಡರಿನಲ್ಲಿ (ಸೈನಿಕನ ಮನೆಯವರ ವಿವರ ದಾಖಲಿಸುವ ಯೂನಿಟ್ ಆದೇಶ) ಅವಳ ಹೆಸರಿನ ಸ್ಪೆಲ್ಲಿಂಗಲ್ಲಿ ಒಂದು ಅಕ್ಷರ ತಪ್ಪಿತ್ತು, ಆಧಾರಿನಲ್ಲಿ ಸರಿ ಇತ್ತು, ಮಾಜಿ ಸೈನಿಕರ ಆಸ್ಪತ್ರೆ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಮಾಡಿಸೋಕೆ ಹೋದಾಗ ಎರಡೂ ಹೊಂದಲ್ಲ ಅಂತ ಅರ್ಜಿ ವಾಪಸ್ ಬಂತು. ಅಫಿಡವಿಟ್ ಮಾಡಿಸಿ, ಬೆಳಗಾವಿಯ ರೆಕಾರ್ಡ್ಸ್ ಆಫೀಸಿಗೆ ಬರೆದು, ಸರಿಯಾಗೋಕೆ ತಿಂಗಳುಗಟ್ಟಲೆ ಹಿಡಿಯಿತು. ಸರ್ವಿಸಿನಲ್ಲಿ ಇರುವಾಗ ಯೂನಿಟ್ಟಿನ ಕ್ಲರ್ಕ್ ಮುಂದೆ ಹತ್ತು ನಿಮಿಷ ಕೂತಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ. ಈಗ ರಜೆಯಲ್ಲಿರೋರು ಯಾರಾದರೂ ಇದನ್ನು ಓದುತ್ತಿದ್ದರೆ, ಹೆಂಡತಿ ಮಕ್ಕಳ ಹೆಸರು, ಜನ್ಮ ತಾರೀಖು ಇವತ್ತೇ ತೆಗೆದು ನೋಡಿ.

ಅಂಗಡಿಗೆ ಬರೋಣ. ಅವರ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕ ಇದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಎದೆ, ಭುಜ, ತೋಳಿನ ಅಳತೆ. ಕೆಳಗೆ ರಿಬ್ಬನ್‌ಗಳ ಸಾಲು, ಸ್ಕೆಚ್ ಪೆನ್ನಿನಲ್ಲಿ ಪಟ್ಟೆ ಪಟ್ಟೆಯಾಗಿ ಬಣ್ಣ ಹಾಕಿದ್ದು. ಹಿರಿಯ ಮೆಡಲ್ ಎದೆಯ ನಡುವಿಗೆ, ಗುಂಡಿ ಕಡೆಗೆ ಬರಬೇಕು ಅಂತ ಬಾಣದ ಗುರುತು ಬೇರೆ. ನನ್ನ ಪುಟದಲ್ಲಿ ಈಗ ನಾಲ್ಕೇ ಬಣ್ಣದ ಚೌಕ ಇವೆ.

ನಾನು ಕೂತಿದ್ದಾಗಲೇ ಕಾಲೇಜು ಹುಡುಗನೊಬ್ಬ ಬಂದು ಆರ್ಮಿ ಪ್ರಿಂಟಿನ ಜಾಕೆಟ್ ಕೇಳಿದ. 2022ರ ಜನವರಿ 15ರ ಆರ್ಮಿ ಡೇಗೆ ತೋರಿಸಿದ ಹೊಸ ಡಿಜಿಟಲ್ ಪ್ರಿಂಟ್. ಆ ಡಿಸೈನನ್ನು ಸೈನ್ಯ ತನ್ನ ಹೆಸರಲ್ಲಿ ನೋಂದಾಯಿಸಿಕೊಂಡಿದೆ, ಬಜಾರಿನಲ್ಲಿ ಮಾರುವಂತಿಲ್ಲ. ಮಾಮ ತಲೆ ಎತ್ತದೆ "ಭರ್ತಿ ಆಗು, ಅವರೇ ಕೊಡ್ತಾರೆ" ಅಂದರು.

ಹೊಲಿಗೆ ಚೆನ್ನಾಗಿದೆ. ಭುಜ ಸರಿಯಾಗಿ ಕೂತಿದೆ, ಪಿನ್ನು ಈಗ ಸ್ಟೀಲಿನದು, ಮೆಡಲ್‌ಗಳು ನಡೆಯುವಾಗ ಗಣಗಣ ಅನ್ನಲ್ಲ. ಆದರೆ ಜೇಬಿನ ಮೇಲಿನ ರೆಜಿಮೆಂಟ್ ಕ್ರೆಸ್ಟ್ (ಲಾಂಛನ) ಕೂದಲೆಳೆಯಷ್ಟು ಎಡಕ್ಕೆ ವಾಲಿದೆ. ಹೆಂಡತಿಗೆ ಕಾಣಲ್ಲವಂತೆ, ನನಗೆ ಕಾಣುತ್ತೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಒಂಬತ್ತು ದಿನ ತಡ. ಫೋನ್ ಎತ್ತುವುದಿಲ್ಲ. ಟ್ರಯಲ್ ನೋಡೋಕೆ ಒಂದು ಪರದೆ ಮಾತ್ರ ಇದೆ, ಅದೂ ಮೊಣಕಾಲಿಗೇ ಮುಗಿಯುತ್ತೆ. ಬಟ್ಟೆ ನನ್ನದೇ, ಮೆಡಲ್ ಕೂರಿಸಿದ್ದೂ ಸೇರಿ ಮಜೂರಿ 4,200 ಕೊಟ್ಟೆ. ಜಾಸ್ತಿ ಅನ್ನಿಸಲಿಲ್ಲ.

ಜನವರಿ 26ಕ್ಕೆ ಬೇಕಿದ್ದರೆ ಡಿಸೆಂಬರ್ ಮೊದಲ ವಾರವೇ ಕೊಟ್ಟುಬಿಡಿ. ರವಿವಾರ ಮಾತ್ರ ಹೋಗಬೇಡಿ, ಸಂತೆ ದಿನ ಪೇಟೆಯಲ್ಲಿ ಬೈಕ್ ನಿಲ್ಲಿಸೋಕೂ ಜಾಗ ಸಿಗಲ್ಲ. ಡಿಸ್ಚಾರ್ಜ್ ಬುಕ್ ಒರಿಜಿನಲ್ಲೇ ತಗೊಂಡು ಹೋಗಿ. ನಾನು ಮೊಬೈಲಿನಲ್ಲಿ ಫೋಟೋ ತೋರಿಸೋಕೆ ಹೋಗಿದ್ದೆ, ನೋಡಲೇ ಇಲ್ಲ.