ಎರಡು ನಿಮಿಷದ ಓಪನಿಂಗ್‌ಗೆ ಪ್ಲ್ಯಾನ್: ಪೆನ್ಸಿಲ್, ಆ್ಯಪ್, ಫೋನ್ ಕ್ಯಾಮೆರಾ

ಮೀಡಿಯಾ ಸ್ಟಡೀಸ್ ಕೋರ್ಸಿಗೆ ಎರಡು ನಿಮಿಷದ ಸಿನಿಮಾ ಓಪನಿಂಗ್ ಮಾಡಬೇಕಾದವರಿಗೆ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಫೋನ್ ತಗೊಂಡು ಶೂಟಿಂಗ್ ಜಾಗಕ್ಕೆ ಹೋಗಿ, ಒಂದೊಂದು ಶಾಟಿಗೂ ಒಂದೊಂದು ಫೋಟೋ ತೆಗೆಯಿರಿ. ಅದೇ ನಿಮ್ಮ ಸ್ಟೋರಿಬೋರ್ಡ್, ಅಂದರೆ ಶಾಟ್‌ಗಳನ್ನು ಶೂಟಿಂಗಿಗೆ ಮೊದಲೇ ಚಿತ್ರಗಳಲ್ಲಿ ಸಾಲಾಗಿ ತೋರಿಸುವ ಪ್ಲ್ಯಾನ್. ನಮ್ಮ ಗುಂಪು ಕಾಗದದ ಮೇಲೆ ಬಿಡಿಸಿಯೂ ನೋಡಿದೆ, ಚಂದಾ ಕಟ್ಟಿ ಸ್ಕ್ರಿಪ್ಟ್ ಆ್ಯಪ್ ಬಳಸಿಯೂ ನೋಡಿದೆ. ಶೂಟಿಂಗ್ ದಿನ ಎಲ್ಲರೂ ತೆಗೆದು ನೋಡುತ್ತಿದ್ದದ್ದು ಫೋಟೋಗಳನ್ನೇ.

ನಮ್ಮ ಕಥೆ ಚಿಕ್ಕದು. ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೇ ಹೆಂಚಿನ ಮನೆ. ಮಳೆಗಾಲ. ಹುಡುಗಿಯೊಬ್ಬಳು ಓಣಿಯಲ್ಲಿ ನಡೆದು ಬಂದು ಬಾಗಿಲಿನ ಬೀಗ ತೆಗೆಯಲು ಹೋದರೆ ಅದು ಮೊದಲೇ ತೆಗೆದಿರುತ್ತದೆ. ಅಲ್ಲಿಗೆ ಸಿನಿಮಾದ ಹೆಸರು ಬರುತ್ತದೆ.

ಕಾಗದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚೌಕಗಳಿರುವ ಹಾಳೆ ಝೆರಾಕ್ಸ್ ಮಾಡಿಸಿದರೆ ಖರ್ಚು ಮುಗಿಯಿತು. ಚಿತ್ರ ಬರೆಯಲು ಬರುವ ಒಬ್ಬರು ಗುಂಪಿನಲ್ಲಿದ್ದರೆ ಚೆನ್ನ. ಆದರೆ ಒಂದು ಮಾತು. ಸ್ಟೋರಿಬೋರ್ಡ್ ಪದ್ಧತಿ 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಬೆಳೆದದ್ದು, ಕಾರ್ಟೂನ್ ಚಿತ್ರಗಳಿಗಾಗಿ. ಅಲ್ಲಿ ಬರೆಯುವ ತನಕ ಮನೆಯೂ ಇಲ್ಲ, ಓಣಿಯೂ ಇಲ್ಲ. ನಮಗೆ ಎರಡೂ ಕಣ್ಣೆದುರಿಗೇ ಇವೆ. ಹಾಳೆಯ ಮೇಲೆ ಓಣಿಯನ್ನು ಎಷ್ಟು ಬೇಕಾದರೂ ಅಗಲ ಮಾಡಬಹುದು, ನಿಜವಾದ ಓಣಿ ಅಗಲವಾಗುವುದಿಲ್ಲ ಅಲ್ವಾ?

ಆ್ಯಪ್ ವಿಷಯ ಬೇರೆ. ದುಡ್ಡು ಕೊಟ್ಟದ್ದು ಅದಕ್ಕೆ ಮಾತ್ರ, ತಲೆನೋವು ಬಂದದ್ದೂ ಅದರಿಂದಲೇ. ಸ್ಕ್ರಿಪ್ಟ್, ಶಾಟ್ ಲಿಸ್ಟ್, ಶೆಡ್ಯೂಲ್ ಎಲ್ಲ ಒಂದೇ ಕಡೆ ಸಿಗುತ್ತದೆ ಎಂಬುದು ನಿಜ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಒಳ್ಳೆಯದೇ ಇರಬಹುದು. ನಾವು ಬರೆದದ್ದು ಕನ್ನಡದಲ್ಲಿ.

ಮೊದಲಿಗೆ, ಲ್ಯಾಬಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಕನ್ನಡ ಫಾಂಟಿನಲ್ಲಿ. ಆ್ಯಪಿಗೆ ಪೇಸ್ಟ್ ಮಾಡಿದ ಕೂಡಲೇ ಎಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿದೆವು. ಅರ್ಕಾವೊತ್ತು ಇದ್ದ ಕಡೆಯಲ್ಲೆಲ್ಲ ಮತ್ತೆ ಕೈಯಿಂದ ತಿದ್ದಬೇಕಾಯಿತು. ಪರದೆ ಮೇಲೆ ಸರಿ ಕಂಡಿತು, ಪಿಡಿಎಫ್ ತೆಗೆದರೆ ಒತ್ತಕ್ಷರಗಳು ಬಿಡಿಬಿಡಿ, ಕೆಲವು ಕಡೆ ಬರೀ ಖಾಲಿ ಡಬ್ಬಿ. ಮೇಷ್ಟ್ರಿಗೆ ಕೊಡಬೇಕಾದ ಫೈಲ್ ಅದು!

ಸರಿ, ಸ್ಕ್ರೀನ್‌ಶಾಟ್ ತೆಗೆದು ಕೊಡೋಣ ಎಂದುಕೊಂಡರೂ ಇನ್ನೊಂದು ತೊಡಕು ಉಳಿಯಿತು. ಸ್ಕ್ರಿಪ್ಟಿನ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಇದೆಯಲ್ಲ, ಅದು ಕೊರಿಯರ್ ಎಂಬ ಇಂಗ್ಲಿಷ್ ಫಾಂಟಿನ 12 ಪಾಯಿಂಟ್ ಅಕ್ಷರಕ್ಕೆ, ಇಂಗ್ಲಿಷ್ ಪುಟಕ್ಕೆ ಹೊಂದಿಸಿದ್ದು. ಕನ್ನಡದ ಪುಟಕ್ಕೆ ಅದು ಕೂಡುವುದಿಲ್ಲ. ನಮ್ಮ ಓಪನಿಂಗಿನಲ್ಲಿ ಮಾತೇ ಇಲ್ಲದ್ದರಿಂದ ಇನ್ನೂ ಕಷ್ಟ. 'ಹುಡುಗಿ ಓಣಿಯಲ್ಲಿ ನಡೆದು ಬರುತ್ತಾಳೆ' ಎಂಬುದು ಪುಟದಲ್ಲಿ ಒಂದು ಸಾಲು. ಅವಳು ನಿಜವಾಗಿ ನಡೆದರೆ ಅರ್ಧ ನಿಮಿಷ ಹೋಗುತ್ತದೆ.

ಈ ಲೆಕ್ಕ ಸಿಕ್ಕಿದ್ದು ಫೋಟೋಗಳಿಂದ. ತೆಗೆದ ಫೋಟೋಗಳನ್ನು ಫೋನಿನ ಎಡಿಟಿಂಗ್ ಆ್ಯಪಿನಲ್ಲಿ ಸಾಲಾಗಿ ಹಾಕಿ, ಪ್ರತಿಯೊಂದಕ್ಕೂ ಎಷ್ಟು ಸೆಕೆಂಡ್ ಬೇಕೋ ಅಷ್ಟು ಕೊಟ್ಟೆವು. ಎರಡು ನಿಮಿಷ ಅಂದರೆ 120 ಸೆಕೆಂಡ್. ಶಾಟಿಗೆ ಸರಾಸರಿ 5 ಸೆಕೆಂಡ್ ಹಿಡಿದರೆ 24 ಶಾಟ್, ಅಷ್ಟೇ. ಅದರೊಳಗೇ ನಟರ, ಕ್ಯಾಮೆರಾದವರ, ನಿರ್ದೇಶಕರ ಹೆಸರುಗಳೂ ಬರಬೇಕು. ಓದಲು ಒಂದೊಂದಕ್ಕೆ 3–4 ಸೆಕೆಂಡ್ ಆದರೂ ಬೇಕು. ಓಣಿಯ ನಡಿಗೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ಹೆಸರುಗಳನ್ನೂ ಫೋಟೋ ಮೇಲೆಯೇ ಇಟ್ಟು ನೋಡಿ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. ಫ್ರೇಮಿನ ತೀರಾ ಅಂಚಿಗೆ ಕೂರಿಸಿದರೆ ಒತ್ತು ಕತ್ತರಿಸಿ ಹೋಗುತ್ತದೆ.

ಇನ್ನೊಂದು ಲಾಭ, ಜಾಗದವರ ಪರಿಚಯ. ಟ್ರೈಪಾಡ್ ಕಂಡರೆ ಜನ ಸೇರುತ್ತಾರೆ, ಫೋನ್ ಕಂಡರೆ ಮಾತಾಡಿಸುತ್ತಾರೆ. ಎದುರು ಮನೆಯ ಅಜ್ಜ ತಾವಾಗಿಯೇ ಹೇಳಿದರು: "ತಮ್ಮಾ, ಮಳಿ ಬಂದ್ರ ಇಲ್ಲಿ ನೀರು ನಿಲ್ತೈತಿ. ಕ್ಯಾಮೆರಾ ಆ ಕಟ್ಟಿ ಮ್ಯಾಲ ಇಟ್ಕೋ." ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಆ ಕಟ್ಟೆಯೇ ನಮ್ಮನ್ನು ಕಾಪಾಡಿತು.

ಫೋಟೋಗೆ ಸದ್ದು ಗೊತ್ತಾಗುವುದಿಲ್ಲ, ಇದು ಅದರ ಕೊರತೆ. ಮಾಳಮಡ್ಡಿಗೆ ರೈಲ್ವೆ ಸ್ಟೇಷನ್ ಹತ್ತಿರ, ಹಾರ್ನ್ ಕೇಳಿಸುತ್ತಲೇ ಇರುತ್ತದೆ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ಸದ್ದು ರೆಕಾರ್ಡ್ ಮಾಡಿಕೊಳ್ಳಿ.

ಲೆನ್ಸ್ ಕಡೆಗೂ ಗಮನ ಇರಲಿ. ಫೋನಿನ ಮುಖ್ಯ ಕ್ಯಾಮೆರಾ ಅಗಲವಾಗಿ ನೋಡುತ್ತದೆ, ಹೆಚ್ಚು ಕಡಿಮೆ 24–26 ಎಂಎಂ ಲೆನ್ಸಿನ ಹಾಗೆ (ಎಂಎಂ ಹೆಚ್ಚಿದಷ್ಟೂ ನೋಟ ಕಿರಿದಾಗಿ ಹತ್ತಿರ ಬರುತ್ತದೆ). ಶೂಟಿಂಗಿಗೆ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರಿನ ಡಿಎಸ್‌ಎಲ್‌ಆರ್ ಮತ್ತು 50 ಎಂಎಂ ಲೆನ್ಸ್ ತರುವುದಾದರೆ, ಸೆನ್ಸರ್ ಚಿಕ್ಕದಾದ್ದರಿಂದ ಅದು 75–80 ಎಂಎಂನಷ್ಟು ಹತ್ತಿರ ಎಳೆಯುತ್ತದೆ. ಸಣ್ಣ ಓಣಿಯಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಅಂಥ ಶಾಟಿನ ಫೋಟೋವನ್ನು ಫೋನಿನಲ್ಲಿ 3ಎಕ್ಸ್ ಜೂಮ್ ಮಾಡಿ ತೆಗೆಯಿರಿ. ಫೋಟೋದ ಅಗಲ-ಎತ್ತರದ ಅಳತೆ 4:3 ಬೇಡ, ವಿಡಿಯೋದ ಹಾಗೆ 16:9 ಇಡಿ.

ನಾನು ಕೂತು ಬರೆಯುವುದಕ್ಕಿಂತ ಓಡಾಡಿ ಯೋಚಿಸುವವನು, ಗುಂಪಿನ ಬಜೆಟ್ಟೂ ಬಸ್ ಚಾರ್ಜ್ ಮತ್ತು ಚಹಾಕ್ಕೆ ಸರಿಹೋಗುವಷ್ಟೇ. ಹಾಗಾಗಿ ಆ್ಯಪಿನ ಚಂದಾ ಮುಂದುವರಿಸಲಿಲ್ಲ. ನಿಮ್ಮ ಜಾಗಕ್ಕೆ ಒಂದೇ ದಿನ ಪರ್ಮಿಷನ್ ಇದ್ದರೆ, ಅಥವಾ ಮನೆಯ ಒಳಗೆ ಮೊದಲೇ ಹೋಗಲು ಆಗದಿದ್ದರೆ, ಅಷ್ಟು ಶಾಟ್‌ಗಳನ್ನು ಮಾತ್ರ ಪೆನ್ಸಿಲ್‌ನಲ್ಲಿ ಬಿಡಿಸಿ, ಅದರ ಫೋಟೋ ತೆಗೆದು ಉಳಿದವುಗಳ ಸಾಲಿಗೆ ಸೇರಿಸಿ.