ರೀಇನ್‌ಸ್ಟಾಲ್ ಆದ ಮೇಲೆ ನೆಟ್‌ವರ್ಕ್ ಏಳಲಿಲ್ವಾ? ಫ್ರೀಬಿಎಸ್‌ಡಿ, ಡೆಬಿಯನ್, ಉಬುಂಟು ಹೋಲಿಕೆ

ನಾನಿರುವುದು ಮಂಡ್ಯದಲ್ಲಿ. ನೋಡಿಕೊಳ್ಳುವ ಸರ್ವರ್‌ಗಳು ಇರುವುದು ಮೈಸೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮತ್ತು ಕೆಲವು ಸಣ್ಣ ಆಫೀಸುಗಳಲ್ಲಿ. ನಡುವೆ ಸುಮಾರು 45 ಕಿಲೋಮೀಟರ್. ಸಿಸ್ಟಮ್ ಹೊಸದಾಗಿ ಹಾಕಿದ ಮೇಲೆ ನೆಟ್‌ವರ್ಕ್ ಕೈಕೊಟ್ಟರೆ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಸಿಕ್ಕರೆ ಇಲ್ಲಿಂದಲೇ ಸರಿ ಮಾಡುತ್ತೇನೆ. ಸಿಗದಿದ್ದರೆ ಪ್ರೆಸ್ಸಿನ ಹುಡುಗನಿಗೆ ಫೋನಿನಲ್ಲಿ ಹೇಳಿ ಟೈಪ್ ಮಾಡಿಸಬೇಕು. ಫ್ರೀಬಿಎಸ್‌ಡಿ, ಡೆಬಿಯನ್, ಉಬುಂಟು ಎಂಬ ಮೂರು ಆಪರೇಟಿಂಗ್ ಸಿಸ್ಟಮ್‌ಗಳನ್ನೂ ಈ ಎರಡು ರೀತಿಯಲ್ಲಿ ಬಳಸಿ ನೋಡಿದ್ದೇನೆ. ನನ್ನ ತೀರ್ಮಾನ ಅದರ ಮೇಲೇ ನಿಂತಿದೆ.

ತೊಂದರೆಯ ಮೂಲ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಹಳೇ ಬ್ಯಾಕಪ್‌ನಿಂದ ಸೆಟ್ಟಿಂಗ್ ಫೈಲ್ ತಂದು ಹಾಕುತ್ತೇವೆ, ಆದರೆ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಹೆಸರು ಬರುವುದು ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್‌ನಿಂದ. ಇಂಟೆಲ್ ಕಾರ್ಡ್ ಇದ್ದಾಗ ಇಎಮ್0, ಅದರ ಜಾಗಕ್ಕೆ ರಿಯಲ್‌ಟೆಕ್ ಬಂದರೆ ಆರ್‌ಇ0. ಫೈಲಿನಲ್ಲಿ ಇನ್ನೂ ಇಎಮ್0 ಅಂತಲೇ ಇದ್ದರೆ ನೆಟ್‌ವರ್ಕ್ ವಿಳಾಸ (ಐಪಿ) ಯಾವ ಕಾರ್ಡಿಗೂ ಸೇರುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಇಎನ್‌ಪಿ3ಎಸ್0 ತರಹದ ಹೆಸರು. ಅದು ಕಾರ್ಡ್ ಕೂತಿರುವ ಸ್ಲಾಟಿನಿಂದ ಬರುತ್ತದೆ. ಇನ್ನೊಂದು ಕಾರ್ಡ್ ಸೇರಿಸಿದರೂ ಆ ಅಂಕಿ ಬದಲಾಗಬಹುದು.

ಫೋನಿನಲ್ಲಿ ಹೇಳಿ ಮಾಡಿಸಲು ಫ್ರೀಬಿಎಸ್‌ಡಿಯಷ್ಟು ಸಲೀಸು ಬೇರೆ ಇಲ್ಲ. ಬೇಕಾದದ್ದೆಲ್ಲ ಆರ್‌ಸಿ.ಕಾನ್ಫ್ ಎಂಬ ಒಂದೇ ಫೈಲಿನಲ್ಲಿದೆ. ಕಾರ್ಡಿನ ವಿಳಾಸಕ್ಕೆ ಒಂದು ಸಾಲು, ಗೇಟ್‌ವೇಗೆ (ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ರೌಟರ್) ಒಂದು ಸಾಲು. "ಸಾರ್, ಯಾವ ಸಾಲು?" ಅಂತ ಹುಡುಗ ಕೇಳಿದರೆ "ಡಿಫಾಲ್ಟ್‌ರೌಟರ್ ಅಂತ ಶುರುವಾಗೋದು ನೋಡಪ್ಪ" ಅಂದರೆ ಸಾಕು. ಒಂದು ಅಪಾಯ ಮಾತ್ರ ಇದೆ. ಆ ಫೈಲನ್ನು ಸಿಸ್ಟಮ್ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಹಾಗೆ ಓದುತ್ತದೆ. ಒಂದು ಕೋಟ್ ಚಿಹ್ನೆ ಬಿಟ್ಟುಹೋದರೂ ಬೂಟ್ ಅರ್ಧಕ್ಕೆ ನಿಂತು ಸಿಂಗಲ್ ಯೂಸರ್ ಮೋಡ್‌ಗೆ (ರಿಪೇರಿಗೆಂದು ಇರುವ ಕನಿಷ್ಠ ಸ್ಥಿತಿ) ಹೋಗಬಹುದು. ಆಗ ರೂಟ್ ಡಿಸ್ಕನ್ನು (ಸಿಸ್ಟಮ್ ಇರುವ ಡಿಸ್ಕ್) ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿಸಿ, ಅಂದರೆ ಜೋಡಿಸಿ, ಫೈಲ್ ತಿದ್ದಿಸಬೇಕು. ಅದಕ್ಕೇ ನಾನು ಎಡಿಟರ್ ತೆರೆಸುವುದೇ ಇಲ್ಲ, ಸಿಸ್‌ಆರ್‌ಸಿ ಕಮಾಂಡ್ ಕೊಡಿಸುತ್ತೇನೆ. ಅದು ಕೋಟ್‌ಗಳನ್ನು ತಾನೇ ಸರಿಯಾಗಿ ಹಾಕಿ ಬರೆಯುತ್ತದೆ. ಇನ್ನೊಂದು ಮಾತು: ಕಾರ್ಡುಗಳನ್ನು ಎಬ್ಬಿಸುವ ನೆಟ್‌ಇಫ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಡಿಫಾಲ್ಟ್ ರೂಟ್ (ಗೇಟ್‌ವೇ ಮೂಲಕ ಹೊರಗೆ ಹೋಗುವ ದಾರಿ) ಹೋಗಿಬಿಡುತ್ತದೆ. ಬೆನ್ನಿಗೇ ರೂಟಿಂಗ್ ಸರ್ವಿಸ್ ಕೂಡ ರೀಸ್ಟಾರ್ಟ್ ಆಗಬೇಕು. ದೂರದಿಂದ ಮಾಡುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಕೊಡಿ. ಇಲ್ಲದಿದ್ದರೆ ಎರಡನೇ ಕಮಾಂಡ್ ಕೊಡಲು ಲೈನೇ ಇರುವುದಿಲ್ಲ.

ಡೆಬಿಯನ್ ನಡುವಿನದು. ನೆಟ್‌ವರ್ಕ್ ಸೆಟ್ಟಿಂಗ್ ಇರುವ ಇಂಟರ್‌ಫೇಸಸ್ ಫೈಲ್ ಓದಲು ಸುಲಭ. ಕಾರ್ಡಿನ ಹೆಸರಿಗೆ 'ಆಟೋ' (ಬೂಟ್ ಆದಾಗ ತಾನೇ ಎಬ್ಬಿಸು ಎನ್ನುವ) ಸಾಲು ಇದೆಯಾ ನೋಡಿ. ಅದೂ ಇಲ್ಲ, 'ಅಲೌ-ಹಾಟ್‌ಪ್ಲಗ್' (ಕಾರ್ಡ್ ಕಂಡೊಡನೆ ಎಬ್ಬಿಸು ಎನ್ನುವ) ಸಾಲೂ ಇಲ್ಲ ಅಂದರೆ, ಈಗ ಕೈಯಿಂದ ಎಬ್ಬಿಸಿದ ನೆಟ್‌ವರ್ಕ್ ನಾಳೆ ಕರೆಂಟ್ ಹೋಗಿ ಬಂದಾಗ ಏಳುವುದಿಲ್ಲ.

ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳುವ ನೆಟ್‌ಪ್ಲಾನ್ ಫೋನಿನಲ್ಲಿ ನಿಜಕ್ಕೂ ಕಷ್ಟ. ಅದರ ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ವಿಧಾನ) ಫೈಲಿನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಲೆಕ್ಕವಿದೆ, ಟ್ಯಾಬ್ ಒತ್ತುವ ಹಾಗೇ ಇಲ್ಲ. ಖಾಲಿ ಜಾಗವನ್ನು ಫೋನಿನಲ್ಲಿ ಹೇಗೆ ಹೇಳುವುದು? ಹಳೇ ಬ್ಯಾಕಪ್‌ನಲ್ಲಿ ಗೇಟ್‌ವೇ4 ಅಂತ ಇದ್ದರೆ ಅದೂ ಹಳತಾಯಿತು, ಈಗ ರೂಟ್ಸ್ ಕೆಳಗೆ ಬರೆಯಬೇಕು. ಜೊತೆಗೆ ಹೊಸ ಇನ್‌ಸ್ಟಾಲ್‌ನಲ್ಲಿ ಕ್ಲೌಡ್-ಇನಿಟ್ (ಮೊದಲ ಬೂಟ್‌ನಲ್ಲಿ ಸೆಟ್ಟಿಂಗ್ ಹಾಕುವ ತಂತ್ರಾಂಶ) ಬರೆದ ಫೈಲ್ ಬೇರೆ ಇರಬಹುದು. ಅದನ್ನು ನೋಡದೆ ನಿಮ್ಮದನ್ನು ಸೇರಿಸಿದರೆ ಎರಡೂ ಕಲಸಿಹೋಗುತ್ತವೆ.

ಆದರೆ ಎಸ್‌ಎಸ್‌ಎಚ್‌ನಲ್ಲಿ ಕೂತು ಮಾಡುವಾಗ ಇದೇ ನೆಟ್‌ಪ್ಲಾನ್ ಉಳಿದೆರಡನ್ನೂ ಹಿಂದೆ ಹಾಕುತ್ತದೆ. 'ನೆಟ್‌ಪ್ಲಾನ್ ಟ್ರೈ' ಅಂತ ಕೊಟ್ಟರೆ ಹೊಸ ಸೆಟ್ಟಿಂಗ್ ಜಾರಿಗೆ ಬರುತ್ತದೆ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ತಾನೇ ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ಲೈನ್ ಕಟ್ ಆಯಿತಾ, ಎರಡು ನಿಮಿಷ ಕಾದು ಮತ್ತೆ ಲಾಗಿನ್ ಆಗಿ. ಮೈಸೂರಿಗೆ ಬಸ್ ಹತ್ತುವ ಕೆಲಸವೇ ಇಲ್ಲ. ಬಾಂಡ್‌ನಂಥ (ಹಲವು ಕಾರ್ಡುಗಳನ್ನು ಒಂದಾಗಿ ಸೇರಿಸುವುದು) ಕೆಲವು ಸೆಟ್ಟಿಂಗ್‌ಗಳಲ್ಲಿ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ, ಒಂದೇ ಕಾರ್ಡ್ ಇರುವ ಕಡೆ ಧೈರ್ಯವಾಗಿ ಬಳಸಬಹುದು.

ಹಾಗಾಗಿ ನನ್ನ ಆಯ್ಕೆ ಹೀಗೆ: ಸರ್ವರ್ ಮುಂದೆ ಯಾರಾದರೂ ಕೂರುವ ಪ್ರೆಸ್ಸಿಗೆ ಫ್ರೀಬಿಎಸ್‌ಡಿ. ಬೀಗ ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಓಡುವ ಮೆಷಿನ್‌ಗೆ ಉಬುಂಟು.

ಮೂರರಲ್ಲೂ ಹುಡುಕುವ ಕ್ರಮ ಬದಲಾಗುವುದಿಲ್ಲ. ಮೊದಲು ಗೇಟ್‌ವೇಗೆ ಪಿಂಗ್ (ಉತ್ತರ ಬರುತ್ತದಾ ನೋಡುವ ಕಮಾಂಡ್), ಆಮೇಲೆ ಗೂಗಲ್‌ನ ಸಾರ್ವಜನಿಕ ವಿಳಾಸ 8.8.8.8ಕ್ಕೆ, ಕೊನೆಗೆ ಒಂದು ವೆಬ್‌ಸೈಟಿನ ಹೆಸರಿಗೆ. ಅಂಕಿಗೆ ಹೋಗಿ ಹೆಸರಿಗೆ ಹೋಗದಿದ್ದರೆ ಡಿಎನ್‌ಎಸ್ (ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ನೋಡಿ. ಉಬುಂಟುವಿನಲ್ಲಿ ಮಾತ್ರ ಡಿಎನ್‌ಎಸ್ ವಿಳಾಸ ಇರುವ ರೆಸಾಲ್ವ್.ಕಾನ್ಫ್ ಫೈಲನ್ನು ನೇರವಾಗಿ ತಿದ್ದಬೇಡಿ. ಅದನ್ನು ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ನಡೆಸುವ ತಂತ್ರಾಂಶ) ನೋಡಿಕೊಳ್ಳುತ್ತದೆ, ನೀವು ಬರೆದದ್ದು ಉಳಿಯುವುದಿಲ್ಲ. ಡಿಎನ್‌ಎಸ್ ವಿಳಾಸವನ್ನೂ ನೆಟ್‌ಪ್ಲಾನ್ ಫೈಲಿನಲ್ಲೇ ಬರೆಯಿರಿ.